ಅಯೋತ್ತಿದಾಸ ಪಂಡಿತರು ಮತ್ತು ಚಿನ್ನದ ಗಣಿಯ ಬೌದ್ಧರು

ಪರರ ಆಳ್ವಿಕೆಯಲ್ಲಿ ಒಂದು ಸಮುದಾಯಕ್ಕೆ ಮುಖಂಡರು ದೊರೆಯುವ ಬಗೆ ಎರಡು. ಮೊದಲನೆಯದು ಅಧಿಕಾರದ ಬಗೆ. ಆಳುವವರಿಗೆ ಪ್ರಜೆಗಳ ಭಾಷೆ ಬಾರದು, ಅವರ ರೀತಿನೀತಿ ತಿಳಿಯದು. ಆದರೆ ತೆರಿಗೆ ಸಲ್ಲಬೇಕು, ಜಗಳಗಳು ತೀರಬೇಕು. ಆಗ ಆ ಜನರಲ್ಲಿಯೇ ಹಣವುಳ್ಳವನೂ ಮಾತು ನಡೆಯುವವನೂ ಆದ ಒಬ್ಬನನ್ನು ಆರಿಸಿ, ಅವನಿಗೊಂದು ಬಿರುದನ್ನಿತ್ತು, ಅವನ ಮೂಲಕ ಉಳಿದವರನ್ನು ಆಳುತ್ತಾರೆ. ಮಲಯ ದೇಶದ ತವರದ ಗಣಿಗಳಲ್ಲಿ ದುಡಿಯುತ್ತಿದ್ದ ಚೀನೀಯರಿಗೆ ಇಂಥ ಮುಖಂಡರಿದ್ದರು. ಅವರನ್ನು ಕಪಿತಾನ್ ಎಂದು ಕರೆಯುತ್ತಿದ್ದರು. ಕ್ವಾಲಾಲಂಪುರವನ್ನು ಕಟ್ಟಿ ಬೆಳೆಸಿದ ಯಾಪ್ ಆ ಲಾಯ್ (1837-1885) ಅಂಥವರಲ್ಲಿ ಪ್ರಸಿದ್ಧ. ಮಲಯದ ಅರಸರಿಂದ ಅವನಿಗೆ ಬಂದ ಪದವಿಯನ್ನು ಬಳಿಕ ಬಂದ ಬ್ರಿಟಿಷರೂ ಮನ್ನಿಸಿದರು. ನಮ್ಮಲ್ಲಿಯೂ ರಾವ್ ಬಹದ್ದೂರ್, ದಿವಾನ್ ಬಹದ್ದೂರ್ ಮೊದಲಾದ ಬಿರುದುಗಳಿಗೆ ಕೊರತೆಯಿರಲಿಲ್ಲ.

ಎರಡನೆಯ ಬಗೆ ಇದಕ್ಕಿಂತ ವಿರಳ. ಅಧಿಕಾರವಾಗಲಿ ಹಣವಾಗಲಿ ಬಿರುದಾಗಲಿ ಇಲ್ಲದ ಒಬ್ಬನು ತನ್ನ ಜನರಿಗೆ ನೀವು ಯಾರು ಎಂಬುದನ್ನು ತಿಳಿಸಲು ಹೊರಡುತ್ತಾನೆ. ಆ ಮಾತು ಅವರಿಗೆ ಹಿಡಿಸಿದರೆ ಅವನು ಅವರ ಮುಖಂಡನಾಗುತ್ತಾನೆ. ಹಿಡಿಸದಿದ್ದರೆ ಅವನ ಬರಹಗಳು ಗೆದ್ದಲಿನ ಪಾಲಾಗುತ್ತವೆ. ಮದರಾಸಿನ ಅಯೋತ್ತಿದಾಸ ಪಂಡಿತರು ಈ ಎರಡನೆಯ ಬಗೆಗೆ ಸೇರಿದವರು. ಅವರ ಬರಹ ಗೆದ್ದಲಿನ ಪಾಲಾಗದಂತೆ ಉಳಿಸಿದವರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಕೂಲಿಕಾರರಿಗೆ ದೊಡ್ಡ ಸ್ಥಾನವಿದೆ. ಈ ಸಂಗತಿ ಗಣಿಯ ತಮಿಳರಿಗೆ ತಿಳಿದಷ್ಟು ಕನ್ನಡದ ಓದುಗರಿಗೆ ತಿಳಿದಂತೆ ಕಾಣುವುದಿಲ್ಲ. ಆಂಡರ್ಸನ್‌ಪೇಟೆಯಲ್ಲಿ ವಾಸವಾಗಿದ್ದು, ಮನೆಮಾತು ತಮಿಳಾದ ವಿದ್ಯಾರ್ಥಿಗಳಿಗೆ ಕನ್ನಡ ಸಾಹಿತ್ಯವನ್ನು ಕಲಿಸುವ ನನಗೆ, ಅವರ ಮುತ್ತಜ್ಜಂದಿರು ಓದುತ್ತಿದ್ದ ಈ ಪಂಡಿತರ ಜೀವನವನ್ನು ಕನ್ನಡದಲ್ಲಿ ಹೇಳುವುದು ಒಂದು ಋಣಸಂದಾಯವೆಂದೇ ತೋರುತ್ತದೆ.

ಪಂಡಿತರು ಜನಿಸಿದ್ದು 1845ರ ಮೇ 20ರಂದು. ತಂದೆತಾಯಿಗಳು ಇಟ್ಟ ಹೆಸರು ಕಾತ್ತವರಾಯನ್. ಅವರ ಕುಲವನ್ನು ಊರವರು ಅಸ್ಪೃಶ್ಯವೆಂದು ಎಣಿಸುತ್ತಿದ್ದರು. ಮನೆತನದಲ್ಲಿ ಮಾತ್ರ ವಿದ್ಯೆಯೂ ವೈದ್ಯವೂ ವೈಷ್ಣವ ಭಕ್ತಿಯೂ ಇದ್ದವು. ಅಜ್ಜ ಕಂದಪ್ಪನವರು ಹ್ಯಾರಿಂಗ್ಟನ್ ಎಂಬ ಆಂಗ್ಲ ಅಧಿಕಾರಿಯ ಮನೆಯಲ್ಲಿ ಬಟ್ಲರ್ ಆಗಿದ್ದರು. ಅವರ ಬಳಿ ತಿರುಕ್ಕುರಳಿನ ಓಲೆಗರಿಗಳಿದ್ದವು. ಆ ಗರಿಗಳನ್ನು ಅವರು ತಮ್ಮ ಯಜಮಾನನಿಗೆ ಕೊಟ್ಟರೆಂದೂ, ಯಜಮಾನನು ಅವನ್ನು ಮದರಾಸಿನ ಪ್ರಸಿದ್ಧ ಭಾಷಾವಿದ್ವಾಂಸ ಎಫ್. ಡಬ್ಲ್ಯು. ಎಲ್ಲಿಸನಿಗೆ ತಲುಪಿಸಿದನೆಂದೂ ಪಂಡಿತರೇ ಬರೆದಿಟ್ಟಿದ್ದಾರೆ. ಕುರಳಿನ ಹಿರಿಮೆಯನ್ನು ಯೂರೋಪಿನ ವಿದ್ವಾಂಸರಿಗೆ ಪರಿಚಯಿಸಿದವರಲ್ಲಿ ಎಲ್ಲಿಸ್ ಮೊದಲಿಗರ ಸಾಲಿನವನು, 1819ರಲ್ಲಿ ತೀರಿಕೊಂಡನು. ಊರೊಳಗಿನ ಬಾವಿಯಿಂದ ನೀರು ಸೇದುವ ಹಕ್ಕಿಲ್ಲದವರ ಮನೆಯಲ್ಲಿ ತಮಿಳಿನ ಮಹಾಗ್ರಂಥದ ಪ್ರತಿಯೊಂದು ಉಳಿದಿತ್ತೆಂಬ ಈ ನೆನಪು ಮೊಮ್ಮಗನ ಮನಸ್ಸಿನಲ್ಲಿ ಎಷ್ಟು ಆಳವಾಗಿ ನೆಟ್ಟಿತ್ತೆಂಬುದು ಅವರ ಮುಂದಿನ ಬಾಳಿನಿಂದ ತಿಳಿಯುತ್ತದೆ.

ಬಾಲಕ ಕಾತ್ತವರಾಯನಿಗೆ ವಿದ್ಯೆ ಕಲಿಸಿದ ಗುರುಗಳ ಹೆಸರು ಅಯೋತ್ತಿದಾಸ ಕವಿರಾಜ ಪಂಡಿತರು. ಶಿಷ್ಯನು ಗುರುವಿನ ಹೆಸರನ್ನೇ ತನ್ನದಾಗಿ ಧರಿಸಿದನು. ಕನ್ನಡದ ಉಚ್ಚಾರಣೆಯಲ್ಲಿ ಇದು ಅಯೋಧ್ಯಾದಾಸ. ತಮಿಳು, ಸಂಸ್ಕೃತ, ಪಾಳಿ, ಇಂಗ್ಲಿಷ್ ಭಾಷೆಗಳೂ ಸಿದ್ಧವೈದ್ಯವೂ ಅವರಿಗೆ ಕರಗತವಾದವು. ಯೌವನದ ಹಲವು ವರ್ಷಗಳನ್ನು ಅವರು ನೀಲಗಿರಿಯಲ್ಲಿ ಕಳೆದರು. ಅಲ್ಲಿ 1870ರ ದಶಕದಲ್ಲಿ ಅದ್ವೈತಾನಂದ ಸಭೆ ಎಂಬ ಸಂಘವನ್ನು ಸ್ಥಾಪಿಸಿದರು. ಎಲ್ಲ ಜೀವಿಗಳಲ್ಲಿಯೂ ಒಂದೇ ತತ್ತ್ವವಿದೆ ಎಂದು ಸಾರುವ ದರ್ಶನದಲ್ಲಿ ಮನುಷ್ಯರ ನಡುವಿನ ಮೇಲುಕೀಳಿಗೆ ಮದ್ದಿರಬಹುದೆಂದು ಆಗ ಅವರು ನಂಬಿದ್ದರು. ಅದ್ವೈತವನ್ನು ಅವರು ಹೊರಗಿನಿಂದ ನಿಂತು ಹಳಿದವರಲ್ಲ. ಒಳಗೆ ಹೋಗಿ ಬಾಗಿಲು ತಟ್ಟಿದವರು.

ಬಳಿಕ ಅವರು ಸಾರ್ವಜನಿಕ ಕಾರ್ಯಕ್ಕಿಳಿದರು. 1885ರಲ್ಲಿ ಕ್ರೈಸ್ತ ಬೋಧಕರಾದ ಜಾನ್ ರತ್ನಂ ಅವರೊಡನೆ ಸೇರಿ ದ್ರಾವಿಡ ಪಾಂಡಿಯನ್ ಎಂಬ ಪತ್ರಿಕೆಯನ್ನು ನಡೆಸಿದರು. ಮರುವರ್ಷ, ಅಸ್ಪೃಶ್ಯರೆನಿಸಿಕೊಂಡವರು ಹಿಂದೂಗಳಲ್ಲ, ಅವರು ಈ ನಾಡಿನ ಜಾತಿಭೇದವಿಲ್ಲದ ಮೂಲನಿವಾಸಿಗಳು ಎಂದು ಸಾರಿದರು. 1891ರಲ್ಲಿ ದ್ರಾವಿಡ ಮಹಾಜನ ಸಭೆಯನ್ನು ಕಟ್ಟಿ, ಅದೇ ವರ್ಷದ ಡಿಸೆಂಬರ್ 1ರಂದು ಉದಕಮಂಡಲದಲ್ಲಿ ಅದರ ಸಮ್ಮೇಳನವನ್ನು ನಡೆಸಿದರು. ಆ ಸಮ್ಮೇಳನದ ಬೇಡಿಕೆಗಳು ಇಂದು ಓದುವವರಿಗೆ ತೀರ ಸಾಧಾರಣವೆನಿಸಬಹುದು: ಮಕ್ಕಳಿಗೆ ಶಾಲೆ, ಓದಿದವರಿಗೆ ಉದ್ಯೋಗ, ಸಾರ್ವಜನಿಕ ಬಾವಿಕೆರೆಗಳ ನೀರು, ಸೆರೆಮನೆಯಲ್ಲಿ ಹೊಲಸಿನ ಕೆಲಸವನ್ನು ಒಂದೇ ಕುಲದವರಿಗೆ ಕಟ್ಟಿಡುವ ನಿಯಮದ ರದ್ದು. ಕಳ್ಳತನಕ್ಕಾಗಿ ಸೆರೆಗೆ ಹೋದವನಿಗೂ ಅಲ್ಲಿ ಜಾತಿಯ ಪ್ರಕಾರವೇ ಕೆಲಸ ಹಂಚುತ್ತಿದ್ದ ಕಾಲ ಅದು. ಅಪರಾಧದ ಶಿಕ್ಷೆ ಎಲ್ಲರಿಗೂ ಒಂದೇ, ಹುಟ್ಟಿನ ಶಿಕ್ಷೆ ಮಾತ್ರ ಅದರ ಮೇಲೆ ಹೆಚ್ಚಿನದು.

1892ರಲ್ಲಿ ಅವರ ಬಾಳನ್ನು ತಿರುಗಿಸಿದ ಘಟನೆ ನಡೆಯಿತು. ಮದರಾಸಿನ ಮಹಾಜನ ಸಭೆಯಲ್ಲಿ ಅಂದಿನ ವಿದ್ಯಾವಂತರೆಲ್ಲ ಸೇರಿದ್ದರು. ನೀಲಗಿರಿಯ ಪ್ರತಿನಿಧಿಯಾಗಿ ಬಂದಿದ್ದ ಪಂಡಿತರು ಎದ್ದುನಿಂತು, ತಮ್ಮ ಜನರಿಗೆ ಶಿವ, ವಿಷ್ಣು ದೇವಾಲಯಗಳಲ್ಲಿ ಪ್ರವೇಶ ಬೇಕೆಂದು ಕೇಳಿದರು. ವಿಷ್ಣು ಎಲ್ಲರಿಗೂ ದೇವರಾದರೆ ಅವನ ಗುಡಿ ಕೆಲವರಿಗೆ ಮಾತ್ರ ಏಕೆ ಎಂಬುದು ಅವರ ಪ್ರಶ್ನೆಯ ತಿರುಳು. ನಿಮಗೆ ನಿಮ್ಮ ಗ್ರಾಮದೇವತೆಗಳಿದ್ದಾರೆ, ಈ ದೇವರುಗಳು ನಿಮ್ಮವಲ್ಲ ಎಂಬ ಅರ್ಥದ ಉತ್ತರ ಬಂತು. ಹಾಗಾದರೆ ಆ ದೇವರುಗಳೇ ನಮಗೆ ಬೇಡ ಎಂದ ಪಂಡಿತರು, ಶಾಲೆಯನ್ನೂ ಬಂಜರು ಭೂಮಿಯನ್ನೂ ಕೊಡಿಸಿರೆಂದು ಕೇಳಿದರು. ಆ ಬೇಡಿಕೆಗಳನ್ನು ಸಭೆ ಒಪ್ಪಿತು. ಆದರೆ ಹೆಸರಿನಲ್ಲಿಯೇ ಅಯೋಧ್ಯೆಯನ್ನು ಹೊತ್ತ ವೈಷ್ಣವ ಮನೆತನದ ಮನುಷ್ಯನಿಗೆ ತಾನು ಆವರೆಗೆ ಬಡಿದ ಬಾಗಿಲು ತೆರೆಯುವಂಥದಲ್ಲವೆಂದು ಅಂದು ಖಚಿತವಾಯಿತು.

ಬಾಗಿಲು ತೆರೆಯದಿದ್ದಾಗ ಕೆಲವರು ಕಾದು ಕುಳಿತಿರುತ್ತಾರೆ, ಕೆಲವರು ಬಾಗಿಲನ್ನು ಒಡೆಯಹೋಗುತ್ತಾರೆ. ಪಂಡಿತರು ಇವೆರಡನ್ನೂ ಬಿಟ್ಟು, ಈ ಮನೆ ಕಟ್ಟುವ ಮೊದಲು ನಮಗೊಂದು ಮನೆಯಿರಲಿಲ್ಲವೇ ಎಂದು ಹುಡುಕತೊಡಗಿದರು. ತಮಿಳಿನ ಪ್ರಾಚೀನ ಕಾವ್ಯ, ನಿಘಂಟು, ವೈದ್ಯಗ್ರಂಥಗಳಲ್ಲೆಲ್ಲ ಅವರಿಗೆ ಬುದ್ಧನ ಹೆಜ್ಜೆಗುರುತು ಕಾಣತೊಡಗಿತು. ಆ ಸಮಯಕ್ಕೆ ಸರಿಯಾಗಿ ಥಿಯಾಸಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟರು ಅಡಯಾರಿನಲ್ಲಿ 1894ರಲ್ಲಿ ಪಂಚಮರ ಮಕ್ಕಳಿಗಾಗಿ ಶಾಲೆ ತೆರೆದಿದ್ದರು. ಪಂಚಮರೆಂದರೆ ನಾಲ್ಕು ವರ್ಣಗಳ ಹೊರಗಿನವರಿಗೆ ಅಂದು ಸರಕಾರದ ಕಾಗದಪತ್ರಗಳಲ್ಲಿದ್ದ ಹೆಸರು. ಪಂಡಿತರು ಆಲ್ಕಾಟರನ್ನು ಕಂಡು ತಮ್ಮ ಜನರ ಪೂರ್ವಧರ್ಮಕ್ಕೆ ಮರಳುವ ಇಚ್ಛೆಯನ್ನು ತಿಳಿಸಿದರು. 1898ರಲ್ಲಿ ಪಿ. ಕೃಷ್ಣಸ್ವಾಮಿ ಎಂಬ ಶಿಕ್ಷಕರೊಡನೆ ಕೊಲಂಬೊಗೆ ಹೋಗಿ, ಮಹಾಸ್ಥವಿರ ಸುಮಂಗಲರಿಂದ ಬೌದ್ಧದೀಕ್ಷೆಯನ್ನು ಪಡೆದರು. ಮರಳಿ ಬಂದು ಮದರಾಸಿನ ರಾಯಪೇಟೆಯಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದರು. ಆಗ ಅವರಿಗೆ 53 ವರ್ಷ. ನಾಗಪುರದಲ್ಲಿ ಡಾ. ಅಂಬೇಡ್ಕರರು ಲಕ್ಷಾಂತರ ಜನರೊಡನೆ ದೀಕ್ಷೆ ಪಡೆದ 1956ಕ್ಕೆ ಇನ್ನೂ 58 ವರ್ಷಗಳು ಉಳಿದಿದ್ದುವೆಂಬುದನ್ನು ಓದುಗರು ಗಮನಿಸಬೇಕು.

ಪಂಡಿತರ ಸಿದ್ಧಾಂತವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಇಂದು ಅಸ್ಪೃಶ್ಯರೆನಿಸಿದವರು ಹಿಂದೆ ಬೌದ್ಧರಾಗಿದ್ದರು. ವಿದ್ಯೆ, ಕೃಷಿ, ವೈದ್ಯಗಳಲ್ಲಿ ನುರಿತವರಾಗಿದ್ದರು. ಜಾತಿಯನ್ನು ತಂದವರಿಗೂ ಇವರಿಗೂ ನಡೆದ ಹೋರಾಟದಲ್ಲಿ ಇವರು ಸೋತರು; ಸೋತವರನ್ನು ಗೆದ್ದವರು ಊರ ಹೊರಗೆ ತಳ್ಳಿ ಹೀನ ಹೆಸರಿಟ್ಟರು. ಆದ್ದರಿಂದ ಇವರು ಹುಟ್ಟಿನಿಂದ ಕೀಳಾದವರಲ್ಲ, ಚರಿತ್ರೆಯಲ್ಲಿ ಸೋತವರು. ಈ ದೃಷ್ಟಿಯಿಂದ ಅವರು ಹಳೆಯ ಗ್ರಂಥಗಳನ್ನೂ ಹಬ್ಬಗಳನ್ನೂ ಹೊಸದಾಗಿ ವ್ಯಾಖ್ಯಾನಿಸಿದರು. ತಿರುಕ್ಕುರಳಿನ ಮೂರು ಭಾಗಗಳಲ್ಲಿ ಅವರು ಬೌದ್ಧರ ತ್ರಿಪಿಟಕದ ಛಾಯೆಯನ್ನು ಕಂಡರು. ದೀಪಾವಳಿಯ ಎಣ್ಣೆಸ್ನಾನ ಅವರ ಪ್ರಕಾರ ಎಳ್ಳೆಣ್ಣೆಯ ಗುಣವನ್ನು ಬೌದ್ಧ ಭಿಕ್ಷುಗಳು ಕಂಡುಹಿಡಿದುದರ ಸ್ಮರಣೆ. ಕಾರ್ತಿಕದ ದೀಪ ಹರಳೆಣ್ಣೆಯ ಸ್ಮರಣೆ. ಊರಮ್ಮನೆಂದು ಪೂಜೆಗೊಳ್ಳುವ ದೇವತೆ ಜನರಿಗೆ ಉಪಕಾರ ಮಾಡಿದ ಬೌದ್ಧ ಭಿಕ್ಷುಣಿ. ಐದು ಇಂದ್ರಿಯಗಳನ್ನು ಗೆದ್ದ ಬುದ್ಧನೇ ಇಂದಿರರ್. ಅವನ ದೇಶವೇ ಇಂದಿರರ್ ದೇಶ, ಅಂದರೆ ಇಂಡಿಯಾ. ಇಂದಿರರ್ ದೇಶದ ಚರಿತ್ರೆಯನ್ನೂ, ಬುದ್ಧಚರಿತ್ರೆಯನ್ನು ಹೇಳುವ ಆದಿವೇದವನ್ನೂ ಅವರು ಬರೆದರು.

ಭಾಷೆ ಸಾಹಿತ್ಯಗಳನ್ನು ಕಲಿಸುವ ವೃತ್ತಿಯವನಾದ ನಾನು ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಪಂಡಿತರ ಶಬ್ದನಿಷ್ಪತ್ತಿಗಳಲ್ಲಿ ಹಲವನ್ನು ಭಾಷಾವಿಜ್ಞಾನ ಒಪ್ಪುವುದಿಲ್ಲ. ಇಂಡಿಯಾ ಎಂಬ ಹೆಸರು ಸಿಂಧೂ ನದಿಯಿಂದ ಬಂದುದೇ ಹೊರತು ಇಂದ್ರಿಯದಿಂದಲ್ಲ. ಹಬ್ಬಗಳ ವ್ಯಾಖ್ಯಾನಕ್ಕೂ ಅವರು ಹೇಳಿದಷ್ಟು ಗಟ್ಟಿಯಾದ ಆಧಾರ ದೊರೆಯದು. ಹಾಗೆಂದು ಇಡೀ ಸಿದ್ಧಾಂತವನ್ನು ಕಲ್ಪನೆಯೆಂದು ತಳ್ಳಿಬಿಡುವುದು ನ್ಯಾಯವಲ್ಲ. ದಕ್ಷಿಣದಲ್ಲಿ ಬೌದ್ಧಧರ್ಮ ಬಹುಕಾಲ ಬಾಳಿತೆಂಬುದಕ್ಕೆ ತಮಿಳಿನ ಮಣಿಮೇಖಲೈ ಕಾವ್ಯವೂ ನಾಗಪಟ್ಟಣದ ವಿಹಾರವೂ ಸಾಕ್ಷಿ. ಕನ್ನಡ ನಾಡಿನಲ್ಲಿಯೇ ಸನ್ನತಿಯ ಸ್ತೂಪಾವಶೇಷಗಳಿವೆ. ಮಂಗಳೂರಿನ ಕದ್ರಿಯ ದೇವಾಲಯದಲ್ಲಿ ಕ್ರಿ. ಶ. 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಇಷ್ಟೊಂದು ಬೌದ್ಧರು ಏನಾದರು ಎಂಬ ಪ್ರಶ್ನೆ ಸಹಜವಾದುದೇ. 1948ರಲ್ಲಿ ಅಂಬೇಡ್ಕರರೂ ಅಸ್ಪೃಶ್ಯತೆಯ ಮೂಲವನ್ನು ಕುರಿತ ತಮ್ಮ ಗ್ರಂಥದಲ್ಲಿ, ಬೇರೊಂದು ದಾರಿಯಿಂದ ನಡೆದು, ಅಸ್ಪೃಶ್ಯರು ಹಿಂದೆ ಬೌದ್ಧರಾಗಿದ್ದರೆಂಬ ಊಹೆಯನ್ನೇ ಮುಂದಿಟ್ಟರು. ಪಂಡಿತರ ಉತ್ತರಗಳಲ್ಲಿ ಕೆಲವು ತಪ್ಪಿರಬಹುದು. ಕೇಳಿದ ಪ್ರಶ್ನೆ ತಪ್ಪಲ್ಲ. ಹಳೆಯ ಗ್ರಂಥಗಳನ್ನು ಓದಿ ಅರ್ಥ ಹೇಳುವ ಹಕ್ಕು ತಮಗೂ ಉಂಟೆಂದು ಸಾಧಿಸಿದುದಂತೂ ಪಾಂಡಿತ್ಯದ ತಪ್ಪುಒಪ್ಪುಗಳನ್ನು ಮೀರಿದ ಕಾರ್ಯ.

ಹೆಸರಿನ ವಿಷಯದಲ್ಲಿ ಪಂಡಿತರದು ಬಿಡದ ಹಠ. ಅವರ ಪತ್ನಿ ಧನಲಕ್ಷ್ಮಿಯವರ ಸೋದರ ರೆಟ್ಟಮಲೈ ಶ್ರೀನಿವಾಸನ್ ಅವರೂ ದೊಡ್ಡ ಮುಖಂಡರೇ. ಮುಂದೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಅಂಬೇಡ್ಕರರೊಡನೆ ಹೋದವರು. ಶ್ರೀನಿವಾಸನ್ ಅವರು 1893ರಲ್ಲಿ ಪತ್ರಿಕೆಯೊಂದನ್ನು ಹೊರಡಿಸಿದಾಗ ಅದಕ್ಕೆ ಪರೈಯನ್ ಎಂದು ತಮ್ಮ ಕುಲದ ಹೆಸರನ್ನೇ ಇಟ್ಟರು. ಜನ ಯಾವುದನ್ನು ಬೈಗುಳವಾಗಿ ಬಳಸುತ್ತಾರೋ ಅದನ್ನು ತಲೆಯೆತ್ತಿ ಹೇಳಿಕೊಂಡರೆ ಬೈಗುಳದ ಬಲ ಹೋಗುತ್ತದೆಂಬುದು ಅವರ ನಿಲುವು. ಪಂಡಿತರಿಗೆ ಇದು ಒಪ್ಪಿಗೆಯಾಗಲಿಲ್ಲ. ಗೆದ್ದವರು ಇಟ್ಟ ಹೆಸರನ್ನು ಹೊತ್ತಿರುವವರೆಗೂ ಅವರು ಕಟ್ಟಿದ ಚರಿತ್ರೆಯನ್ನೂ ಹೊರಬೇಕಾಗುತ್ತದೆಂದು ಅವರು ಭಾವಿಸಿದರು. ಪೂರ್ವಬೌದ್ಧರು, ಜಾತಿಭೇದವಿಲ್ಲದ ದ್ರಾವಿಡರು, ಕೊನೆಗೆ ಬರಿಯ ತಮಿಳರು, ಇವು ಅವರು ಸೂಚಿಸಿದ ಹೆಸರುಗಳು. ಭಾವಮೈದುನರ ಈ ಭೇದ ಮನೆಯ ಜಗಳವಲ್ಲ; ತುಳಿತಕ್ಕೊಳಗಾದ ಎಲ್ಲ ಜನರ ಮುಂದೆ ಇಂದಿಗೂ ನಿಂತಿರುವ ಪ್ರಶ್ನೆ. ಪಂಡಿತರ ಮನೆಯ ಹೆಸರುಗಳಲ್ಲಿಯೂ ಅವರ ಪಯಣದ ಗುರುತಿದೆ. ಗಂಡುಮಕ್ಕಳಲ್ಲಿ ಪಟ್ಟಾಭಿರಾಮನ್, ಜಾನಕಿರಾಮನ್ ಎಂಬವರಿದ್ದರು. ಹೆಣ್ಣುಮಕ್ಕಳ ಹೆಸರು ಅಂಬಿಕಾದೇವಿ, ಮಾಯಾದೇವಿ. ಮಾಯಾದೇವಿ ಬುದ್ಧನ ತಾಯಿಯ ಹೆಸರು.

1907ರ ಜೂನ್ 19ರ ಬುಧವಾರ ರಾಯಪೇಟೆಯಿಂದ ಒರು ಪೈಸಾ ತಮಿಳನ್ ಎಂಬ ವಾರಪತ್ರಿಕೆ ಹೊರಟಿತು. ನಾಲ್ಕು ಪುಟ, ಬೆಲೆ ಒಂದು ಪೈಸೆ. ಮರುವರ್ಷ ಹೆಸರಿನಿಂದ ಪೈಸೆ ಬಿದ್ದುಹೋಗಿ ತಮಿಳನ್ ಎಂದಾಯಿತು. ರಾಜಕೀಯ, ಧರ್ಮ, ವೈದ್ಯ, ಬೇಸಾಯ, ವಾಚಕರ ಪ್ರಶ್ನೆಗಳಿಗೆ ಉತ್ತರ, ಎಲ್ಲವೂ ಅದರಲ್ಲಿ ಬರುತ್ತಿದ್ದವು. ಹೆಚ್ಚಿನ ಭಾಗವನ್ನು ಪಂಡಿತರೇ ಬರೆಯುತ್ತಿದ್ದರು. ಜೊತೆಗೆ ವೈದ್ಯವೃತ್ತಿಯೂ ನಡೆದಿತ್ತು. ತಮಿಳಿನ ಪ್ರಸಿದ್ಧ ಗದ್ಯಕಾರರೂ ಕಾರ್ಮಿಕ ಮುಖಂಡರೂ ಆದ ತಿರು. ವಿ. ಕಲ್ಯಾಣಸುಂದರಂ ಅವರು ಬಾಲ್ಯದಲ್ಲಿ ಕೈಕಾಲು ಸ್ವಾಧೀನ ತಪ್ಪಿದಾಗ ಪಂಡಿತರ ಚಿಕಿತ್ಸೆ ಪಡೆದವರು. ಮುಟ್ಟಬಾರದವರೆನಿಸಿಕೊಂಡವರ ಕೈ ನಾಡಿ ಹಿಡಿಯುವಾಗ ಮುಟ್ಟಬಹುದಾದ ಕೈಯಾಗುತ್ತಿತ್ತೆಂಬುದು ವಿಚಿತ್ರವಾದರೂ ಸತ್ಯ.

ಇನ್ನು ನಮ್ಮ ಗಣಿಯ ಕಡೆಗೆ ಬರೋಣ. ಮದರಾಸಿನಿಂದ ಹೊರಟ ಪತ್ರಿಕೆ ಮೈಸೂರು ಸಂಸ್ಥಾನದ ಈ ಮೂಲೆಯಲ್ಲಿ ಅಷ್ಟು ಓದುಗರನ್ನು ಹೇಗೆ ಪಡೆಯಿತು? 1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿ ಇಲ್ಲಿಗೆ ಬಂದ ಮೇಲೆ ಗಣಿಗಳ ಉದ್ಯಮ ಬೆಳೆಯಿತು. ಮೈಸೂರು ಮೈನು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಒಂದರ ಪಕ್ಕದಲ್ಲೊಂದು ನೆಲೆಯೂರಿದವು. ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪದವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂತು. ಬಂಡೆಯ ಕೆಳಗಿಳಿದು ದುಡಿಯುವ ಕೆಲಸಕ್ಕೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಜನ ತಂಡತಂಡವಾಗಿ ಬಂದರು. ಅವರಲ್ಲಿ ಬಹುಮಂದಿ ಅಲ್ಲಿನ ಹಳ್ಳಿಗಳಲ್ಲಿ ಜಮೀನುದಾರರ ಜೀತದಲ್ಲಿದ್ದ ಅಸ್ಪೃಶ್ಯರು. ಬಿದಿರುತಟ್ಟಿಯ ಗುಡಿಸಲುಗಳ ಸಾಲುಗಳೇ ಲೈನುಗಳೆನಿಸಿಕೊಂಡವು. ಆ ಬಾಳು ಸುಖದ ಬಾಳಲ್ಲ. ಬಂಡೆಯ ದೂಳು ಶ್ವಾಸಕೋಶವನ್ನು ತಿನ್ನುತ್ತಿತ್ತು. ಏರ್‌ಬ್ಲಾಸ್ಟ್ ಎಂದು ಇಲ್ಲಿನವರು ಕರೆಯುವ ಬಂಡೆಸ್ಫೋಟ ಯಾವ ಗಳಿಗೆಯಲ್ಲಿ ಬರುವುದೋ ಯಾರಿಗೂ ತಿಳಿಯದು. ಆದರೂ ತಿಂಗಳ ಕೊನೆಗೆ ಕೈಗೆ ರೊಕ್ಕ ಬರುತ್ತಿತ್ತು. ಕೂಲಿಯನ್ನು ಧಾನ್ಯದಲ್ಲಿ ಅಳೆದುಕೊಡುವ ಒಡೆಯ ಇಲ್ಲಿರಲಿಲ್ಲ. ಹಳ್ಳಿಯಲ್ಲಿ ಒಂದು ಪೈಸೆಯ ಪತ್ರಿಕೆಯನ್ನು ಕೊಳ್ಳಲಾರದವನು, ಕೊಂಡರೂ ಎಲ್ಲರೆದುರು ಓದಲಾರದವನು, ಲೈನಿನಲ್ಲಿ ಕೊಂಡು ಓದಬಲ್ಲವನಾದ.

ತಮಿಳನ್ ಹುಟ್ಟಿದ ಕಾಲಕ್ಕೇ ಮಾರಿಕುಪ್ಪದಲ್ಲಿ ಶಾಕ್ಯ ಬೌದ್ಧ ಸಂಘದ ಶಾಖೆಯೂ ಹುಟ್ಟಿತು. ಚಾಂಪಿಯನ್ ರೀಫಿನಲ್ಲಿಯೂ ಮುಂದೆ ಸಂಘ ಏರ್ಪಟ್ಟಿತು. ಎಂ. ವೈ. ಮುರುಗೇಶರು, ಎ. ಪಿ. ಪೆರಿಯಸಾಮಿ ಪುಲವರು, ಇ. ಎನ್. ಅಯ್ಯಾಕಣ್ಣು ಪುಲವರು ಈ ಪ್ರದೇಶದಲ್ಲಿ ಆಂದೋಲನವನ್ನು ಬೆಳೆಸಿದವರಲ್ಲಿ ಪ್ರಮುಖರು. ಪುಲವರ್ ಎಂದರೆ ತಮಿಳಿನಲ್ಲಿ ಕವಿ, ವಿದ್ವಾಂಸ. ಕೂಲಿಯ ಲೈನುಗಳ ನಡುವೆ ಪುಲವರೆನಿಸಿಕೊಂಡವರಿದ್ದರೆಂಬುದೇ ಅಲ್ಲಿ ನಡೆಯುತ್ತಿದ್ದ ವಿದ್ಯಾಕಾರ್ಯಕ್ಕೆ ಸಾಕ್ಷಿ. ವಾರದ ಸಭೆಗಳಲ್ಲಿ ಉಪನ್ಯಾಸಗಳಾಗುತ್ತಿದ್ದವು. ಓದುಬಲ್ಲವನೊಬ್ಬನು ಪತ್ರಿಕೆಯನ್ನು ಗಟ್ಟಿಯಾಗಿ ಓದಿದರೆ ಸುತ್ತ ಕುಳಿತವರೆಲ್ಲ ಕೇಳುತ್ತಿದ್ದರು. ವೈಶಾಖ ಪೂರ್ಣಿಮೆಯ ಉತ್ಸವ, ಮಕ್ಕಳಿಗೆ ಪಾಠ, ಬೌದ್ಧ ರೀತಿಯ ಮದುವೆ, ಬೌದ್ಧ ರೀತಿಯ ಶವಸಂಸ್ಕಾರ ಇವೆಲ್ಲ ನಡೆದವು. ಮದುವೆಗೆ ಬರಲೊಲ್ಲದ ಪುರೋಹಿತನ ಮುಂದೆ ಕೈಮುಗಿದು ನಿಲ್ಲುವ ಅಗತ್ಯ ತಪ್ಪಿತು. 1911ರ ಜನಗಣತಿ ಬಂದಾಗ ಜಾತಿಯ ಹೆಸರನ್ನು ಬಿಟ್ಟು ಬೌದ್ಧರೆಂದು ಬರೆಯಿಸಿರೆಂದು ಪಂಡಿತರು ತಮ್ಮ ಓದುಗರನ್ನು ಒತ್ತಾಯಿಸಿದರು. ಗಣತಿಯವನ ಪುಸ್ತಕದಲ್ಲಿ ಒಂದು ಪದ ಬದಲಾದರೆ ಹೊಟ್ಟೆ ತುಂಬುವುದೇ ಎಂದು ಕೇಳುವವರುಂಟು. ಹೊಟ್ಟೆ ತುಂಬದು, ನಿಜ. ಆದರೆ ಊರವರು ಕರೆದ ಹೆಸರಿಗೆ ತಲೆಮಾರುಗಳಿಂದ ಓಗೊಟ್ಟವನು ತನ್ನ ಹೆಸರನ್ನು ತಾನೇ ಹೇಳಿ ಬರೆಯಿಸುವುದು ಸಣ್ಣ ಸಂಗತಿಯಲ್ಲ.

ಪಂಡಿತರ ಮೇಲೆ ಬರುವ ಒಂದು ಆಕ್ಷೇಪವನ್ನು ಇಲ್ಲಿ ಮುಚ್ಚಿಡಬಾರದು. ಅವರು ಬ್ರಿಟಿಷ್ ಆಳ್ವಿಕೆಯನ್ನು ಹೊಗಳಿದರು. ವಂಗಭಂಗದ ನಂತರದ ಸ್ವದೇಶಿ ಚಳವಳಿಯನ್ನು ಕಟುವಾಗಿ ಟೀಕಿಸಿದರು. ಸ್ವಾತಂತ್ರ್ಯ ಹೋರಾಟದ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಕಸಿವಿಸಿಯನ್ನುಂಟುಮಾಡುತ್ತದೆ. ಅವರ ತರ್ಕ ಮಾತ್ರ ಸ್ಪಷ್ಟವಾಗಿತ್ತು. ಪರದೇಶದ ಬಟ್ಟೆಯನ್ನು ಸುಡುವವರು ತಮ್ಮ ಬೀದಿಯಲ್ಲಿ ಸ್ವದೇಶದ ಮನುಷ್ಯನು ನಡೆಯುವುದನ್ನು ಸಹಿಸರು. ಇಂಥವರ ಕೈಗೆ ರಾಜ್ಯ ಬಂದರೆ ತಮ್ಮ ಜನರ ಗತಿಯೇನು? ಶಾಲೆ, ರೈಲು, ನ್ಯಾಯಾಲಯಗಳ ಬಾಗಿಲನ್ನು ಅಷ್ಟಿಷ್ಟಾದರೂ ತೆರೆದವರು ಪರದೇಶದವರೇ ಎಂಬುದು ಅವರು ಕಣ್ಣಾರೆ ಕಂಡ ಸತ್ಯ. ಆ ಆಳ್ವಿಕೆ ಈ ದೇಶದ ಸಂಪತ್ತನ್ನು ಹೇಗೆ ಸೆಳೆದುಕೊಳ್ಳುತ್ತಿತ್ತೆಂಬುದಕ್ಕೆ ಅವರು ಕೊಟ್ಟ ಗಮನ ಕಡಿಮೆಯೆಂದೇ ನನ್ನ ಅಭಿಪ್ರಾಯ. ಅದನ್ನು ಕಾಣಲು ನಮ್ಮ ಗಣಿಗಿಂತ ಉತ್ತಮ ಸ್ಥಳ ಬೇರಿರಲಿಲ್ಲ. ಚಿನ್ನ ಲಂಡನ್ನಿನ ಪಾಲುದಾರರ ಲಾಭವಾಯಿತು. ದೂಳು ಕೂಲಿಯ ಎದೆಯಲ್ಲಿ ಉಳಿಯಿತು. ಜಮೀನುದಾರನ ಜೀತದಿಂದ ಬಿಡಿಸಿದ ಕೈಯೇ ಉಸಿರನ್ನೂ ಕಿತ್ತುಕೊಂಡಿತು. ಈ ಎರಡು ಸತ್ಯಗಳನ್ನೂ ಒಟ್ಟಿಗೆ ಹಿಡಿದಾಗಲೇ ಆ ಕಾಲ ನಮಗೆ ಅರ್ಥವಾಗುತ್ತದೆ.

ಪಂಡಿತರು ಕಾಣದೆ ಹೋದುದನ್ನು ಗಣಿಯ ಜನ ತಮ್ಮ ಅನುಭವದಿಂದಲೇ ಕಂಡುಕೊಂಡರು. 1930ರಲ್ಲಿ ಕಂಪನಿ ಎಲ್ಲ ಕೆಲಸಗಾರರ ಬೆರಳಚ್ಚನ್ನು ತೆಗೆದುಕೊಳ್ಳಲು ಹೊರಟಿತು. ಬೆರಳಚ್ಚು ಕೊಡುವವರು ಕಳ್ಳರು, ನಾವು ಕಳ್ಳರಲ್ಲವೆಂದು ಕಾರ್ಮಿಕರು ಮೂರು ವಾರಗಳ ಕಾಲ ಕೆಲಸ ನಿಲ್ಲಿಸಿದರು. ಇದು ಬೌದ್ಧ ಸಂಘದ ಕಾರ್ಯವೆಂದು ನಾನು ಹೇಳುತ್ತಿಲ್ಲ. ಆದರೆ ಆ ಮುಷ್ಕರದ ಮೂಲದಲ್ಲಿದ್ದುದು ಕೂಲಿಯ ಪ್ರಶ್ನೆಯಲ್ಲ, ಮಾನದ ಪ್ರಶ್ನೆ. ತಾವು ಮಾನವುಳ್ಳ ಪೂರ್ವಿಕರ ಸಂತತಿಯೆಂದು ಎರಡು ದಶಕಗಳಿಂದ ಲೈನುಗಳಲ್ಲಿ ಕೇಳುತ್ತ ಬಂದ ಮಾತು ಆ ಜನರ ಮನಸ್ಸಿನಲ್ಲಿ ಏನೂ ಉಳಿಸಿರಲಿಲ್ಲವೆಂದು ನಂಬುವುದು ಕಷ್ಟ.

ಪಂಡಿತರು 1914ರ ಮೇ 5ರಂದು, ತಮ್ಮ 69ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಗ ಪಟ್ಟಾಭಿರಾಮನ್ ಅವರು ಪತ್ರಿಕೆಯನ್ನು ಕೆಲಕಾಲ ನಡೆಸಿದರು. ಬಳಿಕ ಅದು ನಿಂತಿತು. ಸಾಮಾನ್ಯವಾಗಿ ಇಂಥ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ಮುಗಿಯದಂತೆ ಮಾಡಿದವರು ಕೋಲಾರದ ಗಣಿಯವರು. 1926ರಿಂದ ತಮಿಳನ್ ಪತ್ರಿಕೆ ಮತ್ತೆ ಹೊರಟಿತು, ಈ ಬಾರಿ ಗಣಿಪ್ರದೇಶದಿಂದ, ಸಂಪಾದಕರು ಜಿ. ಅಪ್ಪಾದುರೈಯವರು. ಪತ್ರಿಕೆ 1930ರ ದಶಕದ ನಡುವಿನವರೆಗೂ ನಡೆಯಿತು. ಚಾಂಪಿಯನ್ ರೀಫಿನ ಸಿದ್ಧಾರ್ಥ ಪುಸ್ತಕಶಾಲೆ ಪಂಡಿತರ ಬರಹಗಳನ್ನು ಸಣ್ಣ ಸಣ್ಣ ಪುಸ್ತಕಗಳಾಗಿ ಮುದ್ರಿಸಿ ಹಂಚಿತು. ದೊರೆಗಳ ಸಹಾಯಧನ ಇದಕ್ಕಿರಲಿಲ್ಲ, ವಿಶ್ವವಿದ್ಯಾನಿಲಯದ ಆಶ್ರಯವೂ ಇರಲಿಲ್ಲ. ದಿನದ ಪಾಳಿ ಮುಗಿಸಿ ಮೇಲೆ ಬಂದವರು ತಮ್ಮ ಕೂಲಿಯಲ್ಲಿ ಎತ್ತಿಟ್ಟ ಕಾಸಿನಿಂದ ನಡೆದ ಪ್ರಕಟಣಕಾರ್ಯ ಇದು. ಕನ್ನಡ ನಾಡಿನ ಪುಸ್ತಕೋದ್ಯಮದ ಚರಿತ್ರೆಯನ್ನು ಬರೆಯುವವರು ಇದಕ್ಕೊಂದು ಪುಟವನ್ನು ಮೀಸಲಿಡಬೇಕು. ಆ ಪುಸ್ತಕಗಳ ಭಾಷೆ ತಮಿಳಾದರೂ ಅವು ಹುಟ್ಟಿದ ನೆಲ ನಮ್ಮದು.

ವಿದ್ವತ್ ಪ್ರಪಂಚ ಪಂಡಿತರನ್ನು ಬಹುಕಾಲ ಮರೆತಿತ್ತು. ದ್ರಾವಿಡ ಚಳವಳಿಯ ಕಥೆಯನ್ನು ಹೇಳುವವರು 1916ರ ಜಸ್ಟಿಸ್ ಪಕ್ಷದಿಂದ ಆರಂಭಿಸುತ್ತಿದ್ದರು. ದ್ರಾವಿಡ ಎಂಬ ಪದವನ್ನು ಅದಕ್ಕೂ ಮೂವತ್ತು ವರ್ಷಗಳ ಹಿಂದೆಯೇ ಪತ್ರಿಕೆಗೂ ಸಭೆಗೂ ಹೆಸರಾಗಿಟ್ಟವರ ನೆನಪು ಯಾರಿಗೂ ಬರಲಿಲ್ಲ. 1998ರಲ್ಲಿ ಜಿ. ಅಲೋಷಿಯಸ್ ಎಂಬ ವಿದ್ವಾಂಸರು ಈ ಬೌದ್ಧ ಆಂದೋಲನವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದರು. ಮರುವರ್ಷ ಪಂಡಿತರ ಬರಹಗಳನ್ನು ಸಂಪಾದಿಸಿ ಪಾಳಯಂಕೋಟೆಯಿಂದ ಎರಡು ದೊಡ್ಡ ಸಂಪುಟಗಳಲ್ಲಿ ಹೊರತಂದರು. ಅಂಥ ಸ್ಮೃತಿ ಅದುವರೆಗೆ ಬದುಕಿದ್ದುದು ಗ್ರಂಥಾಲಯಗಳಲ್ಲಿ ಅಲ್ಲ, ಪತ್ರಿಕೆಯ ಹಳೆಯ ಪ್ರತಿಗಳನ್ನೂ ಪುಸ್ತಕಗಳನ್ನೂ ಜೋಪಾನವಾಗಿಟ್ಟ ಬೌದ್ಧ ಕುಟುಂಬಗಳಲ್ಲಿ. 2005ರಲ್ಲಿ ಭಾರತ ಸರಕಾರ ಪಂಡಿತರ ಚಿತ್ರವುಳ್ಳ ಅಂಚೆಚೀಟಿಯನ್ನು ಪ್ರಕಟಿಸಿತು. ಮದರಾಸಿನ ತಾಂಬರಂನಲ್ಲಿರುವ ರಾಷ್ಟ್ರೀಯ ಸಿದ್ಧವೈದ್ಯ ಸಂಸ್ಥೆಯ ಆಸ್ಪತ್ರೆಗೆ ಅವರ ಹೆಸರಿದೆ. 2023ರಲ್ಲಿ ತಮಿಳುನಾಡು ಸರಕಾರ ಅವರಿಗೆ ಸ್ಮಾರಕ ಮಂಟಪವನ್ನೂ ಕಟ್ಟಿಸಿತು. ಬದುಕಿದ್ದಾಗ ಬಿರುದನ್ನು ಕಾಣದವರಿಗೆ ಮಾನ್ಯತೆ ಸುಮಾರು ಒಂದು ಶತಮಾನ ತಡವಾಗಿ ಬಂತು.

ಗಣಿ ಈಗಿಲ್ಲ. 2001ರ ಫೆಬ್ರವರಿ 28ರಂದು ಅದು ಮುಚ್ಚಿತು. ಲೈನುಗಳ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಊರಿನ ಸುತ್ತ ಸೈನೈಡ್ ದಿಬ್ಬಗಳು ನಿಂತಿವೆ. ನೂರಿಪ್ಪತ್ತು ವರ್ಷಗಳ ಕಾಲ ಇಲ್ಲಿಂದ ಹೊರಟ ಚಿನ್ನ ಯಾರ ಪೆಟ್ಟಿಗೆಯಲ್ಲಿದೆಯೋ ಹೇಳುವುದು ಕಷ್ಟ. ಆ ಚಿನ್ನವನ್ನು ಅಗೆದವರು ತಮ್ಮ ಕೂಲಿಯಿಂದ ಅಚ್ಚು ಹಾಕಿಸಿದ ಪುಸ್ತಕಗಳು ಮಾತ್ರ ಎಲ್ಲಿವೆಯೆಂದು ಹೇಳಬಹುದು. ಅವು ಇಂದು ಸಂಶೋಧಕರ ಮೇಜಿನ ಮೇಲಿವೆ. ತಮ್ಮ ಜನರಿಗೆ ಚರಿತ್ರೆಯನ್ನು ಕೊಟ್ಟುದು ಪಂಡಿತರ ಮುಂದಾಳುತನದ ಸಾರ. ಆ ಜನರು ಪ್ರತಿಯಾಗಿ ಪಂಡಿತರಿಗೆ ಚರಿತ್ರೆಯಲ್ಲಿ ಸ್ಥಾನವನ್ನು ಉಳಿಸಿಕೊಟ್ಟರು. ಈ ಕೊಡುಕೊಳೆಯಲ್ಲಿ ನಮ್ಮ ಕೋಲಾರ ಜಿಲ್ಲೆಗೂ ಒಂದು ಪಾಲಿದೆ. ಆ ಬರಹಗಳಲ್ಲಿ ಕೆಲವಾದರೂ ಕನ್ನಡಕ್ಕೆ ಬಂದು, ಇಲ್ಲಿನ ಕಾಲೇಜುಗಳಲ್ಲಿ ತಮಿಳು, ತೆಲುಗು, ಕನ್ನಡ ಮನೆಮಾತಿನ ಮಕ್ಕಳು ಒಟ್ಟಿಗೆ ಕುಳಿತು ಅವನ್ನು ಓದಿ, ಒಪ್ಪುವುದನ್ನು ಒಪ್ಪಿ, ತಪ್ಪೆನಿಸಿದ್ದನ್ನು ತಪ್ಪೆಂದು ವಾದಿಸುವಂತಾದರೆ, ಒಂದು ಪೈಸೆಯ ಆ ಪತ್ರಿಕೆ ತನ್ನ ಬೆಲೆಯನ್ನು ನಮ್ಮಿಂದಲೂ ಪಡೆದಂತಾಗುತ್ತದೆ.